ಮಳೆ, ಧೂಳು, ಕ್ಯಾಮೆರಾ: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ, ಜಾತ್ರೆ, ಹೊಲ, ಕೋಟೆ ಅಂತ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕಲಬುರಗಿ, ಬೀದರ್, ಯಾದಗಿರಿ ಸುತ್ತುವವನು ನಾನು. ಹೊಸದಾಗಿ ಕ್ಯಾಮೆರಾ ತಗೊಂಡ ಹುಡುಗರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅದೇ ಮಾತು ಹೇಳಿ ಹೇಳಿ ಬಾಯಿ ನೋಯುತ್ತದೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ನಮ್ಮ ಕಡೆ ಕ್ಯಾಮೆರಾಗೆ ಮಳೆ ಜಾಸ್ತಿ ಅಪಾಯನಾ, ಧೂಳಾ?

ಧೂಳು. ಅನುಮಾನವೇ ಬೇಡ.

ಮಳೆ ಬಂದರೆ ಎಲ್ಲರೂ ಕ್ಯಾಮೆರಾ ಎದೆಗೆ ಅವುಚಿಕೊಂಡು ಓಡುತ್ತೇವೆ. ಧೂಳಿಗೆ ಯಾರೂ ಓಡುವುದಿಲ್ಲ. ಮಳೆ ನಮ್ಮಲ್ಲಿ ಮಿರಗಕ್ಕೆ ಶುರುವಾಗಿ ಹಸ್ತ, ಚಿತ್ತಿಗೆಲ್ಲ ಮುಗಿಯುತ್ತದೆ. ಅದೂ ನಡುವೆ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಧೂಳಿಗೆ ರಜೆಯೇ ಇಲ್ಲ.

ಧೂಳಲ್ಲೂ ಜಾತಿ ಬೇರೆ ಬೇರೆ. ಕಲಬುರಗಿ, ಯಾದಗಿರಿಯ ಎರೆ ಮಣ್ಣು ಒಣಗಿದರೆ ಹಿಟ್ಟಿನ ಹಾಗೆ ಹಾರುತ್ತದೆ, ಒದ್ದೆಯಾದರೆ ಟ್ರೈಪಾಡ್ ಕಾಲನ್ನು ಬಿಡುವುದಿಲ್ಲ. ಬೀದರ್‌ನದು ಜಂಬಿಟ್ಟಿಗೆ ಕಲ್ಲಿನ ಕೆಂಪು ಮಣ್ಣು. ಬಿಳಿ ಲೆನ್ಸ್ ಇದ್ದವರಿಗೆ ಅದರ ಬಣ್ಣ ಚೆನ್ನಾಗಿ ಗೊತ್ತು. ಶಹಾಬಾದ್ ಕಡೆ ಹೋದರೆ ಪರಸಿ ಕಲ್ಲು ಕೊಯ್ಯುವ ಪುಡಿ. ವಾಡಿ, ಸೇಡಂ, ಮಳಖೇಡ ದಾರಿಯಲ್ಲಿ ಸಿಮೆಂಟ್ ಮತ್ತು ಲಾರಿಗಳು ಎಬ್ಬಿಸುವ ಸುಣ್ಣಕಲ್ಲಿನ ಧೂಳು.

ಇವುಗಳಲ್ಲಿ ಗಾಜಿಗೆ ನಿಜವಾದ ವೈರಿ ಮರಳಿನ ಕಣ. ಸುಣ್ಣಕಲ್ಲು ಗಾಜಿಗಿಂತ ಮೆದು. ಮರಳಿನಲ್ಲಿರುವ ಬೆಣಚು ಗಾಜಿಗಿಂತ ಗಟ್ಟಿ. ಒರೆಸುವಾಗ ಬಟ್ಟೆಯ ಅಡಿಯಲ್ಲಿ ಒಂದೇ ಒಂದು ಬೆಣಚಿನ ಕಣ ಸಿಕ್ಕರೂ ಲೆನ್ಸ್ ಮೇಲೆ ಗೆರೆ ಎಳೆದುಬಿಡುತ್ತದೆ. ಆದರೆ ಸಾಮಾನ್ಯ ದಿನದ ಧೂಳಿನಲ್ಲಿ ಎಲ್ಲವೂ ಬೆರೆತಿರುತ್ತದೆ, ಯಾವ ಕಣ ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಎಲ್ಲವೂ ಬೆಣಚೇ ಅಂದುಕೊಂಡು ನಡೆದುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಧೂಳು ಮಳೆಗೆ ದಾರಿ ಮಾಡಿಕೊಡುತ್ತದೆ. ಬ್ಯಾಟರಿ ಬಾಗಿಲಿನ ರಬ್ಬರ್ ಪಟ್ಟಿಯ ಮೇಲೆ ಒಂದು ಕಣ ಕೂತರೆ ಬಾಗಿಲು ಕೂದಲೆಳೆಯಷ್ಟು ಸಂದು ಬಿಡುತ್ತದೆ. ನೀರಿಗೆ ಅಷ್ಟು ಸಾಕು. ಬೇಸಿಗೆಯಲ್ಲಿ ಹೊಕ್ಕ ಧೂಳಿನ ಲೆಕ್ಕ ಮಿರಗದ ಮಳೆಗೆ ಚುಕ್ತಾ ಆಗುತ್ತದೆ.

ನನ್ನ ಕ್ಯಾಮೆರಾ ವೆದರ್ ಸೀಲ್ಡ್ ಅಂತ ಹೇಳಿ ಕೊಟ್ಟಿದ್ದಾರೆ. ಮಳೆಯಲ್ಲಿ ಹಿಡಿಯಬಹುದಲ್ವಾ?

ಜಿಟಿಜಿಟಿ ಮಳೆಯಲ್ಲಿ ಹತ್ತು ನಿಮಿಷ, ಆಗಬಹುದು. ದಬದಬ ಸುರಿಯುವ ಮಳೆಯಲ್ಲಿ ಬೇಡ.

ವೆದರ್ ಸೀಲ್ಡ್ ಅಂದರೆ ಗುಂಡಿ, ಬಾಗಿಲು, ಜೋಡಣೆಗಳ ಸಂದಿನಲ್ಲಿ ರಬ್ಬರ್ ಅಥವಾ ಸ್ಪಂಜಿನ ಪಟ್ಟಿ ಇಟ್ಟಿದ್ದಾರೆ ಅಂತ, ಅಷ್ಟೇ. ವಾಟರ್‌ಪ್ರೂಫ್ ಅಂತಲ್ಲ. ಜೊತೆಗೆ ಬಾಡಿ ಸೀಲ್ ಆಗಿದ್ದರೆ ಸಾಲದು, ಲೆನ್ಸೂ ಆಗಿರಬೇಕು. ಲೆನ್ಸ್ ಬಿಚ್ಚಿ ಹಿಂದಿನ ಲೋಹದ ಬಳೆ ನೋಡಿ. ಅದರ ಸುತ್ತ ತೆಳ್ಳಗೆ ಕಪ್ಪು ರಬ್ಬರ್ ಅಂಚು ಇದೆಯಾ? ಇದ್ದರೆ ಮೌಂಟಿನ, ಅಂದರೆ ಲೆನ್ಸ್ ಬಾಡಿಗೆ ಕೂಡುವ ಜಾಗದ, ಹತ್ತಿರ ಸೀಲ್ ಇದೆ. ಕ್ಯಾಮೆರಾ ಜೊತೆಗೇ ಬರುವ 18-55 ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಎಲ್ಲರ ಕೈಯಲ್ಲೂ ಇರುವ ಕ್ಯಾನನ್ 50 ಎಂಎಂ 1.8ರಲ್ಲೂ ಇಲ್ಲ. ಕ್ಯಾನನ್ 1500ಡಿ, 200ಡಿ, ನಿಕಾನ್ ಡಿ3500, ಡಿ5600 ಇಟ್ಟುಕೊಂಡವರಂತೂ ಸೀಲಿನ ಯೋಚನೆಯನ್ನೇ ಬಿಡಿ. ಆ ಬಾಡಿಗಳಲ್ಲಿ ಅದನ್ನು ಕೊಟ್ಟೇ ಇಲ್ಲ.

ಕ್ಯಾನನ್‌ನ ಕೆಲವು ದುಬಾರಿ ಎಲ್ ಲೆನ್ಸ್‌ಗಳಲ್ಲಿ ಮುಂದೆ ಫಿಲ್ಟರ್ ಹಾಕಿದರೆ ಮಾತ್ರ ಸೀಲ್ ಪೂರ್ತಿಯಾಗುತ್ತದೆ. ಲೆನ್ಸ್ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನು ಯಾರು ಓದುತ್ತಾರೆ, ಅಲ್ವಾ?

ಐಪಿ 53, ಐಪಿ 68 ಅಂದ್ರೆ ಏನು?

ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಗುರುತು. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಅಂಕಿ ದೊಡ್ಡದಾದಷ್ಟು ತಡೆಯುವ ಶಕ್ತಿ ಜಾಸ್ತಿ. ಧೂಳಿನಲ್ಲಿ 6 ಅಂದರೆ ಒಳಗೆ ಏನೂ ಹೋಗುವುದಿಲ್ಲ. 5 ಅಂದರೆ ಸ್ವಲ್ಪ ಹೋದರೂ ಕೆಲಸ ಕೆಡುವುದಿಲ್ಲ. ನೀರಿನಲ್ಲಿ 3 ಅಂದರೆ ಮೇಲಿಂದ ಓರೆಯಾಗಿ ಬೀಳುವ ಹನಿಗೆ ತಡೆ, 8 ಅಂದರೆ ಮುಳುಗಿದರೂ ತಡೆ. ಮೊಬೈಲ್‌ಗಳಿಗೆ ಈ ನಂಬರ್ ಸಿಗುತ್ತದೆ. ದೊಡ್ಡ ಕ್ಯಾಮೆರಾಗಳಲ್ಲಿ ಬಹಳ ಕಡಿಮೆ. 2022ರ ಒಎಂ ಸಿಸ್ಟಂ ಒಎಂ-1 ಕ್ಯಾಮೆರಾಗೆ ಐಪಿ 53 ಇದೆ. ಬಹುತೇಕ ಕಂಪನಿಗಳು ಸುಮ್ನೆ "ಧೂಳು ಮತ್ತು ತುಂತುರು ತಡೆಯುತ್ತದೆ" ಅಂತ ಬರೆದು ಕೈ ತೊಳೆದುಕೊಳ್ಳುತ್ತವೆ. ನೀರು ಹೊಕ್ಕರೆ ವಾರಂಟಿಯೂ ಸಾಮಾನ್ಯವಾಗಿ ನಡೆಯುವುದಿಲ್ಲ.

ರೇನ್ ಕವರ್ ಕೊಳ್ಳಲೇಬೇಕಾ? ಮನೆಯಲ್ಲೇ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ನಾನು ಇವತ್ತಿಗೂ ಬಳಸುವುದು ಸೀರೆ ಅಂಗಡಿಯ ಕವರ್. ರೇಷ್ಮೆ ಸೀರೆ ಹಾಕಿ ಕೊಡುವ ದಪ್ಪನೆಯ, ಆಚೆಯಿಂದ ಈಚೆ ಕಾಣುವ ಪ್ಲಾಸ್ಟಿಕ್ ಇರುತ್ತದಲ್ಲ, ಅದು. ಮನೆಯಲ್ಲಿ ಹೆಂಗಸರನ್ನು ಕೇಳಿದರೆ ಹತ್ತು ಸಿಗುತ್ತವೆ.

ಕವರಿನ ಮುಚ್ಚಿದ ತುದಿಯಲ್ಲಿ, ಲೆನ್ಸಿನ ಮೂತಿಗೆ ಸಿಕ್ಕಿಸುವ ಕೊಳವೆಯಂಥ ಹುಡ್‌ಗಿಂತ ಸ್ವಲ್ಪ ಸಣ್ಣದಾಗಿ ಒಂದು ತೂತು ಕತ್ತರಿಸಿ. ಸಣ್ಣದಾಗಿಯೇ ಇರಲಿ, ಎಳೆದು ಹುಡ್ ಮೇಲೆ ಹತ್ತಿಸಬೇಕು. ಹುಡ್‌ನ ತುದಿಯಿಂದ ಒಂದು ಬೆರಳಿನಷ್ಟು ಹಿಂದೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ. ಇನ್ನು ಕಣ್ಣಿಡುವ ಜಾಗ. ಅಲ್ಲಿನ ರಬ್ಬರ್ ಬಟ್ಟಲನ್ನು ಮೇಲಕ್ಕೆ ಎಳೆದರೆ ಬಹಳ ಕ್ಯಾಮೆರಾಗಳಲ್ಲಿ ಜಾರಿ ಬರುತ್ತದೆ. ಅದನ್ನು ತೆಗೆದು, ಪ್ಲಾಸ್ಟಿಕ್‌ಗೆ ಪುಟ್ಟ ತೂತು ಮಾಡಿ, ಮೇಲೆ ಮತ್ತೆ ಬಟ್ಟಲು ಕೂರಿಸಿ. ಪ್ಲಾಸ್ಟಿಕ್ ಅಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತದೆ. ಎರಡೂ ಕೈ ಕೆಳಗಿನಿಂದ ಒಳಗೆ.

ಕೆಳಗಿನ ಬಾಯಿ ಮಾತ್ರ ಕಟ್ಟಬೇಡಿ. ಗಾಳಿ ಆಡದಿದ್ದರೆ ಕೈ ಬೆವರಿಗೇ ಒಳಗಡೆ ಹಬೆ ಕಟ್ಟುತ್ತದೆ. ಮಳೆಯಿಂದ ಉಳಿಸಿ ಬೆವರಿನಲ್ಲಿ ಮುಳುಗಿಸಿದ ಹಾಗೆ ಆಗುತ್ತದೆ.

ವಾರಕ್ಕೊಂದು ಮದುವೆ ಮಾಡುವವರು ರೇನ್‌ಕೋಟ್ ಬಟ್ಟೆ ತಂದು ದರ್ಜಿಯ ಹತ್ತಿರ ಹೊಲಿಸಿಕೊಳ್ಳಿ. ಲೆನ್ಸ್ ಕಡೆ ನಾಡಿ ಹಾಕಿಸಿದರೆ ಲಂಗದ ಹಾಗೆ ಬಿಗಿದುಕೊಳ್ಳಬಹುದು. ಹೊಲಿಗೆಯ ಸಾಲಿನಿಂದ ನೀರು ಜಿನುಗುತ್ತದೆ, ಒಳಗಿನಿಂದ ಅದರ ಮೇಲೆ ಟೇಪ್ ಹಚ್ಚಿ.

ಕವರ್ ಇಲ್ಲ, ಏಕಾಏಕಿ ಮಳೆ ಹಿಡೀತು. ಆಗ?

ಗಾಳಿಗೆ ಬೆನ್ನು ಕೊಡಿ, ಲೆನ್ಸ್ ನೆಲದ ಕಡೆ ತಿರುಗಿಸಿ, ಅಂಗಿಯೊಳಗೆ ಹಾಕಿಕೊಂಡು ಸೂರು ಹುಡುಕಿ. ಕಲಬುರಗಿ ಕೋಟೆಯಲ್ಲಿದ್ದರೆ ನೀವು ಪುಣ್ಯವಂತರು. 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಚಾವಣಿ. ಅಲ್ಲಿ ನಿಂತು ಕಮಾನುಗಳ ಸಾಲಿನ ಆಚೆ ಮಳೆ ಸುರಿಯುವುದನ್ನು ತೆಗೆದ ಫೋಟೋ ನನಗೆ ಬಿಸಿಲಲ್ಲಿ ಯಾವತ್ತೂ ಸಿಕ್ಕಿಲ್ಲ.

ಬೀದರ್ ಹತ್ತಿರದ ಅಷ್ಟೂರಿನಲ್ಲಿ ಹಾಗಲ್ಲ, ಸುತ್ತ ಬಯಲು. ಅಲ್ಲಿ ಸಿಡಿಲು ಬಡಿದು ಸೀಳಿತು ಅಂತ ಹೇಳುವ ಬಹಮನಿ ಸುಲ್ತಾನ ಹುಮಾಯೂನ್ ಷಾನ ಗುಮ್ಮಟ ಇವತ್ತಿಗೂ ಅರ್ಧ ಬಾಯಿ ತೆರೆದು ನಿಂತಿದೆ. ಗುಡುಗು ಶುರುವಾದರೆ ಕ್ಯಾಮೆರಾ ಆಮೇಲೆ, ಮೊದಲು ನೀವು. ಟ್ರೈಪಾಡ್ ಎತ್ತಿಕೊಂಡು ಬಯಲಲ್ಲಿ ನಿಲ್ಲಬೇಡಿ, ಒಂಟಿ ಮರದ ಕೆಳಗೂ ಬೇಡ.

"ಅಣ್ಣಾ, ಕ್ಯಾಮೆರಾ ನೀರಾಗ ಬಿದ್ದದ, ಏನ್ ಮಾಡ್ಲಿ?"

ಮೊದಲು ಅದನ್ನು ಆನ್ ಮಾಡಬೇಡ. ಆನ್ ಇದ್ದರೆ ಆಫ್ ಮಾಡು. ಉಳಿದದ್ದು ಆಮೇಲೆ.

ಈ ಮಾತು ನಾನು ಅನುಭವಿಸಿ ಹೇಳುತ್ತಿರುವುದು. ಕೆಲವು ವರ್ಷಗಳ ಹಿಂದೆ ಚಿಂಚೋಳಿಯ ಚಂದ್ರಂಪಳ್ಳಿ ಡ್ಯಾಮಿನ ಹತ್ತಿರ ಮಳೆಗೆ ಸಿಕ್ಕಿದೆ. ಕ್ಯಾಮೆರಾ ನೆಂದಿತು. ಟವೆಲ್‌ನಲ್ಲಿ ಒರೆಸಿದೆ, ಹೊರಗೆಲ್ಲ ಒಣಗಿದ ಹಾಗೆ ಕಂಡಿತು. ಅರ್ಧ ಗಂಟೆ ತಡೆದೆ. ಆಮೇಲೆ ಮನಸ್ಸು ಕೇಳಲಿಲ್ಲ, "ನೋಡೋಣ, ನಡೀತದೋ ಇಲ್ಲೋ" ಅಂತ ಬಟನ್ ಒತ್ತಿದೆ. ಪರದೆ ಒಮ್ಮೆ ಬೆಳಗಿತು, ಹಸಿರು ಗೆರೆ ನಾಲ್ಕು ಬಂದವು, ಆರಿಹೋಯಿತು. ಮತ್ತೆ ಬೆಳಗಲಿಲ್ಲ. ನೀರು ಅದನ್ನು ಕೊಂದಿರಲಿಲ್ಲ. ನೀರಿದ್ದಾಗ ಕರೆಂಟ್ ಹರಿಸಿದ್ದು ನಾನು.

ಹಾಗಾಗಿ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ, ಕಾರ್ಡ್ ತೆಗೆಯಿರಿ. ಹೊರಗಿನ ನೀರನ್ನು ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಮಳೆಯಲ್ಲೇ ಲೆನ್ಸ್ ಬಿಚ್ಚಬೇಡಿ. ಸೂರಿನ ಕೆಳಗೆ ಬಂದು, ಹೊರಗೆಲ್ಲ ಒರೆಸಿದ ಮೇಲೆ, ಮೌಂಟ್ ಕೆಳಮುಖ ಮಾಡಿ ಬಿಚ್ಚಿ. ಒಳಗೆ ಹನಿ ಕಂಡರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು, ಹಾಗೇ ಸರ್ವೀಸ್‌ಗೆ ಕಳಿಸಿ. ಹನಿ ಇಲ್ಲದಿದ್ದರೆ ಬಾಗಿಲುಗಳನ್ನೆಲ್ಲ ತೆರೆದು, ಫ್ಯಾನ್ ಗಾಳಿ ಆಡುವ ಜಾಗದಲ್ಲಿ ಒಂದು ರಾತ್ರಿ ಇಡಿ. ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ ಡಬ್ಬಿಯಲ್ಲಿ ಇನ್ನೆರಡು ದಿನ. ಹೇರ್ ಡ್ರೈಯರ್ ಬೇಡ. ಬಿಸಿಗಾಳಿ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ, ಅಂಟು ಬಿಡಿಸುತ್ತದೆ. ಬಿಸಿಲೂ ಬೇಡ.

ಬಿದ್ದದ್ದು ಕೆರೆ, ಹಳ್ಳದ ಕೆಸರು ನೀರಾಗಿದ್ದರೆ ಅಥವಾ ಮದುವೆ ಮನೆಯ ಶರಬತ್ತಾಗಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಒಣಗಿದರೂ ಮಣ್ಣು, ಸಕ್ಕರೆ ಒಳಗೇ ಉಳಿಯುತ್ತವೆ.

ಫ್ಲ್ಯಾಶ್ ನೆಂದರೆ ಅದು ಬೇರೆ ಕಥೆ. ಅದರೊಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಕೂತಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಸ್ಕ್ರೂಡ್ರೈವರ್ ಹಿಡಿದು ಕೂರಬೇಡಿ.

ಅಕ್ಕಿ ಡಬ್ಬಿಯಲ್ಲಿ ಇಟ್ಟರೆ?

ಅಕ್ಕಿ ಅನ್ನಕ್ಕೆ. ಕ್ಯಾಮೆರಾದ ನೀರನ್ನು ಅದು ಅಷ್ಟೇನೂ ಹೀರುವುದಿಲ್ಲ. ಮೇಲಿಂದ ಅದರ ಬಿಳಿ ಪುಡಿ ಒಳಗೆ ಹೋಗಿ ಒದ್ದೆ ಜಾಗದಲ್ಲಿ ಗಂಜಿಯಾಗುತ್ತದೆ.

ತೊಗರಿ ರಾಶಿ ನಡೆಯುವಲ್ಲಿ ಫೋಟೋ ತೆಗೆಯಬೇಕು. ಹೇಗೆ?

ಒಳ್ಳೆಯ ಆಸೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಮೇಲಂತೂ ಇಂಥ ಫೋಟೋ ಕೇಳುವವರು ಜಾಸ್ತಿ. ಡಿಸೆಂಬರ್, ಜನವರಿಯ ಸಂಜೆ ರಾಶಿ ಮಷಿನ್‌ನಿಂದ ಹೊಟ್ಟು ಹಾರುವಾಗ ಹಿಂದೆ ಸೂರ್ಯ ಇದ್ದರೆ, ಆ ಧೂಳೇ ಬಂಗಾರ. ಕಷ್ಟ ಅಲ್ಲಿಯೇ ಇದೆ. ಫೋಟೋ ಚಂದ ಆಗುವುದು ಧೂಳಿನಿಂದ, ಹಾಗಾಗಿ ಕಾಲು ತಾನಾಗಿ ಧೂಳಿನೊಳಗೇ ನಡೆಯುತ್ತದೆ.

ಹೋಗಬೇಡಿ. ಗಾಳಿ ಬರುವ ಕಡೆ ನಿಂತು, 55-250 ಅಥವಾ 70-300ರಂಥ ಉದ್ದ ಲೆನ್ಸ್‌ನಲ್ಲಿ ದೂರದಿಂದ ತೆಗೆಯಿರಿ. ದೂರದಿಂದ ತೆಗೆದರೆ ಧೂಳಿನ ಪದರ ಒತ್ತೊತ್ತಾಗಿ ಕಂಡು ಫೋಟೋ ಇನ್ನೂ ಚಂದ ಬರುತ್ತದೆ. ಮನೆಯಿಂದ ಹೊರಡುವಾಗಲೇ ಲೆನ್ಸ್ ಹಾಕಿಕೊಂಡು ಬನ್ನಿ, ಹೊಲದಲ್ಲಿ ಬದಲಿಸುವ ಮಾತೇ ಬೇಡ.

ಜೂಮ್ ಮಾಡುವಾಗ ಉದ್ದವಾಗುವ ಲೆನ್ಸ್ ನಿಮ್ಮದಾಗಿದ್ದರೆ ಇನ್ನೊಂದು ಎಚ್ಚರ. ಕುಲುಮೆಯ ತಿದಿ ನೋಡಿದ್ದೀರಲ್ಲ, ಎಳೆದರೆ ಗಾಳಿ ಒಳಗೆ, ಒತ್ತಿದರೆ ಹೊರಗೆ. ಈ ಲೆನ್ಸೂ ಹಾಗೆಯೇ ಉಸಿರಾಡುತ್ತದೆ. ಒಳಗೆ ಎಳೆದುಕೊಂಡ ಗಾಳಿಯ ಜೊತೆ ಹೊಟ್ಟೂ ಹೋಗುತ್ತದೆ. ಒಂದು ಉದ್ದಕ್ಕೆ ಜೂಮ್ ಇಟ್ಟು, ನೀವೇ ಹಿಂದೆ ಮುಂದೆ ನಡೆಯಿರಿ. ಮನೆಗೆ ಬಂದ ಮೇಲೆ ಜೂಮ್ ತಿರುವಿದಾಗ ಕರಕರ ಅಂದರೆ ಮತ್ತೆ ಮತ್ತೆ ತಿರುವಿ ಪರೀಕ್ಷೆ ಮಾಡಬೇಡಿ. ಪೂರ್ತಿ ಉದ್ದ ಮಾಡಿ, ಮೂತಿ ಕೆಳಗೆ ಹಿಡಿದು, ಮೆತ್ತನೆ ಬ್ರಷ್‌ನಿಂದ ಒಳ ಕೊಳವೆಯ ಸುತ್ತ ಗುಡಿಸಿ, ಆಮೇಲೆ ಒಳಗೆ ತಳ್ಳಿ.

ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೊಂಟೀನಿ. ಭಂಡಾರದಿಂದ ಕ್ಯಾಮೆರಾ ಉಳಿಸೋದು ಹೆಂಗ?

ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಸಂಕ್ರಾಂತಿಯ ಹೊತ್ತಿಗೆ ಜಾತ್ರೆ. "ಏಳು ಕೋಟಿಗೋ" ಅಂತ ಕೂಗು ಎದ್ದರೆ ಸಾಕು, ಬೆಟ್ಟವೇ ಹಳದಿ. ಅರಿಶಿನದ ಪುಡಿ ಮಣ್ಣಿಗಿಂತ ನುಣ್ಣಗೆ, ಅದರಲ್ಲಿ ಎಣ್ಣೆಯ ಅಂಶ ಬೇರೆ ಇದೆ. ಮಣ್ಣು ಊದಿದರೆ ಹೋಗುತ್ತದೆ. ಭಂಡಾರ ಅಂಟಿಕೊಂಡು ಕೂರುತ್ತದೆ.

ಹಿಂದಿನ ರಾತ್ರಿಯೇ ತಯಾರಿ ಮಾಡಿ. ಬ್ಯಾಟರಿ ಪೂರ್ತಿ ತುಂಬಿದ್ದು, ದೊಡ್ಡ ಕಾರ್ಡ್ ಹಾಕಿದ್ದು, ಲೆನ್ಸ್ ಒಂದೇ. ದಿನವಿಡೀ ಯಾವ ಬಾಗಿಲೂ ತೆರೆಯುವ ಹಾಗಿರಬಾರದು. ಮೈಕ್, ಯುಎಸ್‌ಬಿ ಬಾಗಿಲು, ಫ್ಲ್ಯಾಶ್ ಕೂರಿಸುವ ಜಾಗ, ಲೆನ್ಸ್ ಮತ್ತು ಬಾಡಿ ಕೂಡುವ ಗೆರೆ, ಇಷ್ಟಕ್ಕೂ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್ ಸುತ್ತಿ. ರಟ್ಟಿನ ಡಬ್ಬಿಗೆ ಹಚ್ಚುವ ಕಂದು ಟೇಪ್ ಬೇಡ, ಬಿಸಿಲಿಗೆ ಗೋಂದು ಕರಗಿ ಕ್ಯಾಮೆರಾ ಮೇಲೇ ಉಳಿಯುತ್ತದೆ. ಮೇಲೆ ಸೀರೆ ಕವರ್. ಲೆನ್ಸ್ ಮುಂದೆ ಫಿಲ್ಟರ್.

ಅಲ್ಲಿ ಹೋದ ಮೇಲೆ ಎಲ್ಲರೂ ಮಾಡುವ ತಪ್ಪು ಒಂದಿದೆ. ಲೆನ್ಸ್ ಮೇಲೆ ಹಳದಿ ಬಿತ್ತು, ಬೆವರಿದ ಕೈಯಿಂದಲೋ ಅಂಗಿಯ ಚುಂಗಿನಿಂದಲೋ ಒರೆಸುತ್ತಾರೆ. ಪುಡಿ ಹೋಗಿ ಲೇಪ ಆಯಿತು! ಹಿಸುಕಿದರೆ ಗಾಳಿ ಬಿಡುವ ರಬ್ಬರ್ ಬ್ಲೋಯರ್‌ನಿಂದ ಊದಿ, ಬ್ರಷ್‌ನಿಂದ ತಟ್ಟಿ. ಒಣದಾಗಿ ಬಂದದ್ದನ್ನು ಒಣದಾಗಿಯೇ ಕಳಿಸಬೇಕು.

ಮನೆಗೆ ಬಂದ ಮೇಲೆ ಅಂಗಳದಲ್ಲೇ ನಿಂತು ಕವರ್, ಟೇಪ್ ತೆಗೆಯಿರಿ, ಒಳಗೆ ಬೇಡ. ಹಿಡಿಕೆಯ ರಬ್ಬರ್ ಹಳದಿಯಾಗಿದ್ದರೆ ನೀರಿಗೆ ಹೋಗುವುದಿಲ್ಲ. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದು ಕಡಿಮೆ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಟ್ಟೆಗೆ ಹಾಕಿ ಮೆಲ್ಲಗೆ ಒರೆಸಿ. ಬಟ್ಟೆಗೆ ಹಾಕಿ, ಕ್ಯಾಮೆರಾಗೆ ಅಲ್ಲ. ಸೋಪು ಹಚ್ಚಬೇಡಿ. ಅರಿಶಿನಕ್ಕೆ ಸುಣ್ಣ ಕೂಡಿಸಿದರೆ ಆರತಿ ನೀರು ಕೆಂಪಾಗುತ್ತದಲ್ಲ, ಸೋಪಿಗೂ ಹಾಗೆಯೇ ಕೆಂಪಾಗುತ್ತದೆ. ಸ್ಟ್ರಾಪ್ ಬಿಚ್ಚಿ ನಾಲ್ಕು ದಿನ ಬಿಸಿಲಿಗೆ ಹಾಕಿ. ಬಿಳಿ ಪಂಚೆಯ ಅರಿಶಿನ ಕಲೆ ಬಿಸಿಲಿಗೆ ಮಾಸುವ ಹಾಗೆ ಇದೂ ಮಾಸುತ್ತದೆ.

ಹೋಳಿ ಬಣ್ಣಕ್ಕೂ ಇದೇ ತಯಾರಿ. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರರ ತೇರಿನಲ್ಲಿ ಪುಡಿಗಿಂತ ಮೇಲಿಂದ ಬೀಳುವ ಉತ್ತತ್ತಿ, ಬಾಳೆಹಣ್ಣಿನ ಕಾಟ ಜಾಸ್ತಿ. ಹುಡ್ ಹಾಕಿ, ತಲೆ ನೋಡಿಕೊಳ್ಳಿ.

ಸಿಮೆಂಟ್ ಧೂಳು ಬಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬಹುದಾ?

ಬೇಡವೇ ಬೇಡ. ಸಿಮೆಂಟಿಗೆ ನೀರು ಹಾಕಿದರೆ ಏನಾಗುತ್ತದೆ ಅಂತ ಮನೆ ಕಟ್ಟಿಸಿದವರನ್ನು ಕೇಳಿ. ಊದಿ, ಗುಡಿಸಿ, ಮತ್ತೆ ಊದಿ. ಪೂರ್ತಿ ಹೋಯಿತು ಅನ್ನಿಸಿದ ಮೇಲೆ ಒಣ ಬಟ್ಟೆ.

ಹೊರಗಡೆ ಲೆನ್ಸ್ ಬದಲಿಸಲೇಬೇಕಾಗಿ ಬಂದರೆ?

ಕಾರಿದ್ದರೆ ಒಳಗೆ ಕೂತು, ಕಿಟಕಿ ಏರಿಸಿ, ಎಸಿ ಬ್ಲೋಯರ್ ನಿಲ್ಲಿಸಿ ಬದಲಿಸಿ. ಕಾರಿಲ್ಲದಿದ್ದರೆ ಬ್ಯಾಗಿನೊಳಗೇ. ಕ್ಯಾಮೆರಾ ಆಫ್, ಮೌಂಟ್ ನೆಲದ ಕಡೆ. ಹೊಸ ಲೆನ್ಸಿನ ಹಿಂದಿನ ಮುಚ್ಚಳವನ್ನು ಮೊದಲೇ ಸಡಿಲ ಮಾಡಿ ಇಟ್ಟುಕೊಂಡಿರಿ. ಹಳೆಯದು ಬಂತು, ಹೊಸದು ಹೋಯಿತು, ಮೂರು ನಾಲ್ಕು ಸೆಕೆಂಡಿನ ಕೆಲಸ. ಮನೆಯಲ್ಲಿ ಕೂತು ಕಣ್ಣು ಮುಚ್ಚಿ ಇಪ್ಪತ್ತು ಸಲ ರೂಢಿ ಮಾಡಿಕೊಳ್ಳಿ. ನಗಬೇಡಿ, ನಾನೂ ಹಾಗೆಯೇ ಕಲಿತದ್ದು.

ಮುಚ್ಚಳಗಳನ್ನು ಜೇಬಿಗೆ ಹಾಕಬೇಡಿ. ಜೇಬಿನ ಕಸವೆಲ್ಲ ಮುಚ್ಚಳಕ್ಕೆ, ಮುಚ್ಚಳದಿಂದ ಲೆನ್ಸಿನ ಹಿಂಭಾಗಕ್ಕೆ, ಅಲ್ಲಿಂದ ಚಿತ್ರ ಹಿಡಿಯುವ ಸೆನ್ಸರ್‌ಗೆ. ಎರಡು ಹಿಂದಿನ ಮುಚ್ಚಳ ಇದ್ದರೆ ಒಂದಕ್ಕೊಂದು ಬೆನ್ನು ಕೂಡಿಸಿ ಮುಚ್ಚಿಡಿ.

ಆಕಾಶದ ಫೋಟೋದಲ್ಲಿ ಕಪ್ಪು ಚುಕ್ಕಿ ಕಾಣ್ತಿದೆ. ಲೆನ್ಸ್ ಹಾಳಾಯ್ತಾ?

ಲೆನ್ಸ್ ಅಲ್ಲ, ಸೆನ್ಸರ್ ಮೇಲಿನ ಧೂಳು. ಲೆನ್ಸ್ ಮುಂದಿನ ಧೂಳು ಹೀಗೆ ಚುಕ್ಕಿಯಾಗಿ ಕಾಣುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 16 ಅಥವಾ 22ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಖಾಲಿ ಆಕಾಶದ್ದೋ ಬಿಳಿ ಗೋಡೆಯದೋ ಒಂದು ಫೋಟೋ ತೆಗೆಯಿರಿ. ಲೆನ್ಸ್ ಬದಲಿಸಿ ಇನ್ನೊಂದು. ಚುಕ್ಕಿ ಅದೇ ಜಾಗದಲ್ಲಿದ್ದರೆ ಸೆನ್ಸರ್‌ನದೇ.

ಮೊದಲು ಮೆನುವಿನ ಸೆನ್ಸರ್ ಕ್ಲೀನಿಂಗ್ ಎರಡು ಮೂರು ಸಲ ಓಡಿಸಿ. ಹೋಗದಿದ್ದರೆ ಬ್ಯಾಟರಿ ತುಂಬಿಸಿ, ಮ್ಯಾನುಯಲ್ ಕ್ಲೀನಿಂಗ್ ಆಯ್ಕೆ ಮಾಡಿ, ಕ್ಯಾಮೆರಾ ಬೋರಲು ಹಿಡಿದು ರಬ್ಬರ್ ಬ್ಲೋಯರ್‌ನಿಂದ ಊದಿ. ಬ್ಲೋಯರ್ ಮೂತಿ ಒಳಗೆ ತಾಗದಿರಲಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಹೋಗುತ್ತದೆ. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯೂ ಬೇಡ, ಅದರ ದ್ರವ ಸೆನ್ಸರ್ ಮೇಲೆ ಕಲೆ ಬಿಡುತ್ತದೆ. ಅಷ್ಟಕ್ಕೂ ಹೋಗದ ಚುಕ್ಕಿಗೆ ಸ್ವಾಬ್, ಅಂದರೆ ಸೆನ್ಸರ್ ಒರೆಸುವ ಪುಟ್ಟ ಕಡ್ಡಿ, ಬೇಕು. ಎಪಿಎಸ್-ಸಿ ಅನ್ನುವ ಸಣ್ಣ ಸೆನ್ಸರ್‌ಗೆ 16 ಎಂಎಂ, ಫುಲ್ ಫ್ರೇಮ್ ಅನ್ನುವ ದೊಡ್ಡದಕ್ಕೆ 24 ಎಂಎಂ. ಕೈ ನಡುಗುವವರು ಇನ್ನೊಬ್ಬರ ಕೈಗೆ ಕೊಡಿ.

ಲೆನ್ಸ್ ಒರೆಸಲು ಯಾವ ಬಟ್ಟೆ ಒಳ್ಳೆಯದು?

ಬಟ್ಟೆ ಯಾವುದು ಅನ್ನುವುದಕ್ಕಿಂತ ಬಟ್ಟೆಯ ಮುಂಚೆ ಏನು ಮಾಡಿದಿರಿ ಅನ್ನುವುದು ಮುಖ್ಯ. ಮೊದಲು ಊದಿ. ಆಮೇಲೆ ಬ್ರಷ್. ಆಮೇಲೂ ಬೆರಳಿನ ಗುರುತು ಉಳಿದಿದ್ದರೆ ಮಾತ್ರ ಮೈಕ್ರೋಫೈಬರ್, ಲೆನ್ಸ್ ದ್ರವ ಎರಡು ಹನಿ. ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ಆ ಬಟ್ಟೆ ಪುಟ್ಟ ಜಿಪ್ ಕವರಿನಲ್ಲೇ ಇರಲಿ, ಬ್ಯಾಗಿನ ತಳದಲ್ಲಿ ಬಿಚ್ಚಿ ಬಿದ್ದಿದ್ದರೆ ಅದು ಬಟ್ಟೆಯಲ್ಲ, ಉಜ್ಜುವ ಕಾಗದ. ಹೆಗಲ ಮೇಲಿನ ಟವೆಲ್ ಮುಖಕ್ಕೆ ಸರಿ.

ಯುವಿ ಫಿಲ್ಟರ್ ಬೇಕಾ, ದುಡ್ಡು ದಂಡನಾ?

ಡಿಜಿಟಲ್ ಕ್ಯಾಮೆರಾಗೆ ಯುವಿ (ನೇರಳಾತೀತ ಕಿರಣ) ತಡೆಯಲು ಬೇಕಾಗಿಲ್ಲ, ಅದಕ್ಕೆ ದಂಡವೇ. ಆದರೆ ನಮ್ಮ ಧೂಳಿನಲ್ಲಿ ಹಾಕಿ. ದಿನಕ್ಕೆ ಹತ್ತು ಸಲ ಒರೆಸುವುದನ್ನು ಲೆನ್ಸಿನ ಮೇಲೆ ಮಾಡುವ ಬದಲು ಫಿಲ್ಟರ್ ಮೇಲೆ ಮಾಡಿದ ಹಾಗಾಗುತ್ತದೆ. ರಾತ್ರಿ ದೀಪಗಳ ಕಡೆ ತೆಗೆಯುವಾಗ ಬಿಚ್ಚಿ, ಅಗ್ಗದ ಫಿಲ್ಟರ್‌ನಲ್ಲಿ ದೀಪದ ನೆರಳು ಎರಡೆರಡು ಬೀಳುತ್ತವೆ.

ಬೇಸಿಗೆಯಲ್ಲಿ ಕಾರಲ್ಲಿ ಕ್ಯಾಮೆರಾ ಬಿಡಬಹುದಾ?

ಬಹುತೇಕ ಕ್ಯಾಮೆರಾಗಳ ಪುಸ್ತಕದಲ್ಲಿ 0ಯಿಂದ 40 ಡಿಗ್ರಿವರೆಗೆ ಬಳಸಿ ಅಂತ ಇರುತ್ತದೆ. ಕಲಬುರಗಿಯ ಮೇ ತಿಂಗಳು ನೆರಳಲ್ಲೇ ಅದನ್ನು ದಾಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಕೇಳಲೇಬೇಡಿ. ಹಿಡಿಕೆಯ ರಬ್ಬರ್ ಅಂಟು ಬಿಟ್ಟು ಹಪ್ಪಳದ ಹಾಗೆ ಏಳುತ್ತದೆ, ಬ್ಯಾಟರಿ ಸೊರಗುತ್ತದೆ. ಬ್ಯಾಗ್ ಕಪ್ಪಾಗಿದ್ದರೆ ಮೇಲೆ ಬಿಳಿ ಟವೆಲ್ ಹೊದಿಸಿ. ಒದ್ದೆ ಮಾಡಬೇಡಿ.

ಎಸಿ ಹಾಲ್‌ನಿಂದ ಹೊರಗೆ ಬಂದ ತಕ್ಷಣ ಲೆನ್ಸ್ ಮಂಜಾಗುತ್ತದೆ. ಯಾಕೆ?

ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೆವರುತ್ತದಲ್ಲ, ಅದೇ. ತಣ್ಣಗಿರುವ ಗಾಜಿಗೆ ಹೊರಗಿನ ತೇವದ ಗಾಳಿ ತಗುಲಿ ನೀರಾಗುತ್ತದೆ. ಏಪ್ರಿಲ್‌ನ ಒಣ ಗಾಳಿಯಲ್ಲಿ ಅಷ್ಟಾಗಿ ಆಗುವುದಿಲ್ಲ, ಆಗಸ್ಟ್‌ನಲ್ಲಿ ಆಗುತ್ತದೆ. ಹೊರಗೆ ಬರುವ ಅರ್ಧ ಗಂಟೆ ಮುಂಚೆ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದ ಸಮೇತ ಹೊರಗೆ ಇಡಿ. ಬೆವರುವುದಿದ್ದರೆ ಚೀಲ ಬೆವರಲಿ. ವರ ಕುದುರೆ ಏರಿ ಬಂದಾಗಲೇ ನೆನಪಾದರೆ ಒರೆಸುತ್ತಾ ನಿಲ್ಲಬೇಡಿ, ಎರಡನೆಯ ಬಾಡಿ ಹೊರಗೇ ಇಟ್ಟಿರಬೇಕಿತ್ತು.

ಬೀದರ್‌ನ ನರಸಿಂಹ ಝರಣಿಯಲ್ಲೂ ಗವಿಯೊಳಗೆ ಹೀಗೇ ಮಂಜು ಹಿಡಿಯುತ್ತದೆ. ಅಲ್ಲಿ ಎದೆಮಟ್ಟ ನೀರಿನಲ್ಲಿ ನಡೆಯಬೇಕು. ಕ್ಯಾಮೆರಾ ಹೊರಗಿರಲಿ, ದರ್ಶನ ಮಾಡಿ ಬನ್ನಿ.

ಫಂಗಸ್ ನಮ್ಮ ಒಣ ಊರಲ್ಲೂ ಬರುತ್ತಾ?

ಬರುತ್ತದೆ. ಎಂಟು ತಿಂಗಳು ಒಣಗಿರುತ್ತದೆ ಅಂತಲೇ ನಾವು ಮೈಮರೆಯುತ್ತೇವೆ. ಗಾಳಿಯ ತೇವ ನೂರಕ್ಕೆ 60-65 ದಾಟಿ ವಾರಗಟ್ಟಲೆ ನಿಂತರೆ, ಕತ್ತಲ ಕಪಾಟಿನಲ್ಲಿಟ್ಟ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಎಳೆ ಹರಡುತ್ತದೆ. ಮಳೆಗಾಲದಲ್ಲಿ ಚರ್ಮದ ಕೇಸಿನಲ್ಲಿ ಇಟ್ಟರಂತೂ ಬಿತ್ತನೆ ಮಾಡಿದ ಹಾಗೆಯೇ.

ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ತೀರಾ ಒಣಗಿಸುವುದೂ ಒಳ್ಳೆಯದಲ್ಲ. ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆಯದು ಹಸಿರಾದರೆ ನೀರು ಕುಡಿದು ತುಂಬಿದೆ ಅಂತ. 110-120 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಿದರೆ ಮತ್ತೆ ಮೊದಲಿನ ಬಣ್ಣ ಬರುತ್ತದೆ. ಸಣ್ಣ ಉರಿಯಲ್ಲಿ ಹಳೆಯ ಹಂಚಿನ ಮೇಲೂ ಆಗುತ್ತದೆ, ಆದರೆ ರೊಟ್ಟಿ ಮಾಡುವ ಹಂಚು ಮುಟ್ಟಬೇಡಿ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ಮಕ್ಕಳಿರುವ ಮನೆಗೆ ಕಿತ್ತಳೆಯದನ್ನೇ ತನ್ನಿ.

ಎಲ್ಲಕ್ಕಿಂತ ದೊಡ್ಡ ಔಷಧಿ ಅಂದರೆ ವಾರಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು ಬಳಸುವುದು.

ಡ್ರೋನ್?

ಸಾಮಾನ್ಯ ಡ್ರೋನ್‌ಗಳಿಗೆ ಮಳೆ ತಡೆಯುವ ಶಕ್ತಿ ಇಲ್ಲ. ಧೂಳಲ್ಲಿ ನೆಲದಿಂದ ಹಾರಿಸಬೇಡಿ, ಅದರ ರೆಕ್ಕೆಯೇ ಧೂಳೆಬ್ಬಿಸಿ ತನ್ನ ಮೋಟಾರಿಗೆ ತುಂಬಿಕೊಳ್ಳುತ್ತದೆ. ಕಾರಿನ ಮ್ಯಾಟ್ ಹಾಸಿ. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ, ಅಲ್ಲಿ ಹಾರಿಸುವ ಮುಂಚೆ ಅನುಮತಿಯ ವಿಚಾರ ನೋಡಿ. ಆಗ ಧೂಳು ಸಣ್ಣ ಸಮಸ್ಯೆ ಅನ್ನಿಸುತ್ತದೆ.

ಸರ್ವೀಸ್‌ಗೆ ಕೊಡುವಾಗ ಏನು ಹೇಳಬೇಕು?

ನಿಜ ಹೇಳಬೇಕು. ಬೀದರ್ ಕಡೆಯವರಿಗೆ ಹೈದರಾಬಾದ್ ಹತ್ತಿರ, ಕಲಬುರಗಿಯವರೂ ಬಹಳ ಜನ ಅಲ್ಲಿಗೇ ಒಯ್ಯುತ್ತಾರೆ. ವಾರಂಟಿ ಆಸೆಗೆ "ಸುಮ್ನೆ ಇಟ್ಟಿದ್ದೆ, ತಾನಾಗೇ ಬಂದ್ ಆಯ್ತು" ಅನ್ನಬೇಡಿ. ಬಿಚ್ಚಿದ ಕೂಡಲೇ ಅವರಿಗೆ ಹಸಿರು ತುಕ್ಕು ಕಾಣುತ್ತದೆ. ಒಂದು ಚೀಟಿಯಲ್ಲಿ ಬರೆಯಿರಿ: ಯಾವ ದಿನ ನೆಂದಿತು, ಮಳೆ ನೀರೋ ಕೆಸರೋ, ಆಮೇಲೆ ಆನ್ ಮಾಡಿದಿರೋ ಇಲ್ಲವೋ. ಧೂಳಾದರೆ ಮಣ್ಣೋ, ಸಿಮೆಂಟೋ, ಅರಿಶಿನವೋ. ನನ್ನ ಲೆನ್ಸಿನ ಚೀಟಿಯಲ್ಲಿ ಒಮ್ಮೆ "ಅರಿಶಿನ" ಅಂತ ಬರೆದಿದ್ದೆ. ಅಲ್ಲಿನ ಹುಡುಗ ಫೋನ್ ಮಾಡಿ ಕೇಳಿದ: "ಸಾರ್, ಲೆನ್ಸಿಗೂ ಅರಿಶಿನ ಶಾಸ್ತ್ರ ಮಾಡಿದ್ರಾ?"